ಬೀಗದೊಳಗೇ ಉಳಿದ ಕೀಲಿಕೈ

ಮೈಕ್ರೋಸಾಫ್ಟ್ ಸಂಸ್ಥೆ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಹತ್ತು ವರ್ಷ ದುಡಿದ ಕಾರ್ಯಾಚರಣಾ ವ್ಯವಸ್ಥೆಯೊಂದು ನಿವೃತ್ತವಾಗುವುದು ಸಹಜವೇ. ಸುರಕ್ಷತೆಯ ದೃಷ್ಟಿಯಿಂದ ಹೊಸ ಆವೃತ್ತಿಗೆ ಬದಲಾಗಿ ಎಂಬ ಸಲಹೆಯಲ್ಲಿಯೂ ಹುರುಳಿದೆ. ಆದರೆ ಬದಲಾದ ಮರುಕ್ಷಣವೇ ಅಂತರ್ಜಾಲ ಸಂಪರ್ಕ ಕಡಿದುಹೋದರೆ ಹೊಣೆ ಯಾರದು? ಈ ಪ್ರಶ್ನೆಗೆ ಇನ್ನೂ ನೇರ ಉತ್ತರ ದೊರೆತಿಲ್ಲ.

ತೊಂದರೆಯ ಮೂಲ ಸರಳವಾದದ್ದು. ಗಣಕದೊಳಗಿನ ವೈ–ಫೈ ಚಿಪ್‌ಗೂ ಕಾರ್ಯಾಚರಣಾ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ಕೆಲಸ ಮಾಡುವ ತಂತ್ರಾಂಶವೇ ಡ್ರೈವರ್. ವ್ಯವಸ್ಥೆ ಬದಲಾದಾಗ ಹಳೆಯ ದುಭಾಷಿ ಹೊಸ ಯಜಮಾನನ ಮಾತಿಗೆ ಒಗ್ಗದಿದ್ದರೆ ಸಂಪರ್ಕ ನಿಲ್ಲುತ್ತದೆ. ಹೊಸ ಡ್ರೈವರ್ ಇರುವುದು ತಯಾರಕರ ಜಾಲತಾಣದಲ್ಲಿ. ಅಲ್ಲಿಗೆ ಹೋಗಲು ಅಂತರ್ಜಾಲ ಬೇಕು. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು!

ಇದು ಕಲ್ಪನೆಯ ಕಷ್ಟವಲ್ಲ. 2015ರಲ್ಲಿ ವಿಂಡೋಸ್ 10ಕ್ಕೆ ಬದಲಾದ ಕೆಲವರ ಗಣಕಗಳಲ್ಲಿ ವೈ–ಫೈ ಜಾಲಗಳೇ ಕಾಣದಾದವು. ಮೊದಲೇ ಇದ್ದ ಹಳೆಯ ವಿಪಿಎನ್ ತಂತ್ರಾಂಶ ಅದಕ್ಕೆ ಕಾರಣವಾಗಿತ್ತು. ಸಂಸ್ಥೆ ಪರಿಹಾರವನ್ನೇನೋ ಪ್ರಕಟಿಸಿತು, ಆದರೆ ಅಂತರ್ಜಾಲದಲ್ಲಿ! 2020ರ ಮಾರ್ಚ್ ಅಂತ್ಯದಲ್ಲಿ, ದೇಶವೆಲ್ಲ ಲಾಕ್‌ಡೌನ್‌ನಲ್ಲಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ದಿನಗಳಲ್ಲಿ, ವಿಪಿಎನ್ ಬಳಸುವ ಕೆಲವು ಗಣಕಗಳಲ್ಲಿ ಸಂಪರ್ಕ ಕೈಕೊಡುತ್ತಿರುವುದನ್ನು ಮೈಕ್ರೋಸಾಫ್ಟ್ ಒಪ್ಪಿಕೊಂಡು ತುರ್ತು ತಿದ್ದುಪಡಿ ಹೊರಡಿಸಿತು. ಅದನ್ನೂ ಜಾಲದಿಂದಲೇ ಇಳಿಸಿಕೊಳ್ಳಬೇಕಿತ್ತು.

ಇಂತಹ ಸಂದರ್ಭದಲ್ಲಿ ಬಳಕೆದಾರನ ಪಾಡು ನಾಯಿಪಾಡು. ಸಂಪರ್ಕ ಒದಗಿಸುವ ಕಂಪನಿ 'ನಮ್ಮ ಲೈನ್ ಸರಿಯಿದೆ' ಎನ್ನುತ್ತದೆ. ಗಣಕ ತಯಾರಕರು 'ನಿಮ್ಮ ಮಾಡೆಲ್ ಹಳೆಯದಾಯಿತು' ಎನ್ನುತ್ತಾರೆ. ತಂತ್ರಾಂಶದವರು ತಯಾರಕರತ್ತ ಬೆರಳು ತೋರುತ್ತಾರೆ. ಮೂವರ ಮಾತೂ ಅವರವರ ಮಟ್ಟಿಗೆ ಸರಿಯಿರಬಹುದು; ಕೆಲಸ ಕೆಟ್ಟದ್ದು ಮಾತ್ರ ನಾಲ್ಕನೆಯವನದು.

ಬಳಕೆದಾರ ವಹಿಸಬಹುದಾದ ಎಚ್ಚರಿಕೆಗಳು ಇಲ್ಲದಿಲ್ಲ. ಬದಲಾವಣೆಗೆ ಮುನ್ನವೇ ನೆಟ್‌ವರ್ಕ್ ಡ್ರೈವರನ್ನು ಪೆನ್‌ಡ್ರೈವ್‌ಗೆ ಇಳಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕ್ಷೇಮ. ಸಂಪರ್ಕ ಹೋದಾಗ ಅದೇ ವೈ–ಫೈ ಮೊಬೈಲ್‌ನಲ್ಲಿ ಬರುತ್ತಿದೆಯೇ ಎಂದು ಮೊದಲು ನೋಡಬೇಕು. ಬರುತ್ತಿದ್ದರೆ ದೋಷ ಬಹುಮಟ್ಟಿಗೆ ಗಣಕದ್ದೇ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್ ಕಾಣದಿದ್ದರೆ, ಅಥವಾ ಅದರ ಮೇಲೆ ಹಳದಿ ಚಿಹ್ನೆ ಮೂಡಿದ್ದರೆ, ಡ್ರೈವರ್ ಮೇಲೆಯೇ ಸಂಶಯಪಡಬಹುದು. ಆಗ ಆಂಡ್ರಾಯ್ಡ್ ಮೊಬೈಲನ್ನು ಯುಎಸ್‌ಬಿ ಕೇಬಲ್‌ನಿಂದ ಜೋಡಿಸಿ ಟೆದರಿಂಗ್ ಚಾಲೂ ಮಾಡಿದರೆ ತಾತ್ಕಾಲಿಕ ಸಂಪರ್ಕ ಸಾಮಾನ್ಯವಾಗಿ ದೊರೆಯುತ್ತದೆ. ಯಾವುದೂ ಫಲಿಸದಿದ್ದರೆ ಹಿಂದಿನ ಆವೃತ್ತಿಗೆ ಮರಳುವ ದಾರಿಯಿದೆ. ಆದರೆ ಅದಕ್ಕಿರುವ ಅವಧಿ ಹತ್ತೇ ದಿನ. 2015ರಲ್ಲಿ ಮೂವತ್ತು ದಿನವಿದ್ದ ಈ ಅವಧಿಯನ್ನು ಮರುವರ್ಷವೇ ಮೊಟಕುಗೊಳಿಸಲಾಯಿತು. ವಾರಕ್ಕೊಮ್ಮೆ ಗಣಕ ತೆರೆಯುವ ನಿವೃತ್ತ ಶಿಕ್ಷಕರಿಗೆ ಹತ್ತು ದಿನ ಏನು ಸಾಕು?

ಆದರೆ ಪ್ರತಿ ಮನೆಯಲ್ಲೂ ಒಬ್ಬ ತಂತ್ರಜ್ಞನಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಪಿಂಚಣಿ, ಪಹಣಿ, ಪರೀಕ್ಷೆಯ ಅರ್ಜಿ, ಬ್ಯಾಂಕಿನ ವ್ಯವಹಾರ ಎಲ್ಲವನ್ನೂ ಜಾಲಕ್ಕೆ ಸಾಗಿಸಿದ ಮೇಲೆ ಸಂಪರ್ಕ ಕಡಿಯುವುದು ಬರೀ ಕಿರಿಕಿರಿಯಾಗಿ ಉಳಿಯುವುದಿಲ್ಲ. ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿದೆ. ಆ ತೀರ್ಪು ಅಂಗವಿಕಲರ ಅಹವಾಲಿನ ಮೇಲೆ ಬಂದದ್ದು; ಖಾಸಗಿ ತಂತ್ರಾಂಶವನ್ನು ಕುರಿತದ್ದಲ್ಲ. ಆದರೂ ಅದರ ಹಿಂದಿನ ವಿವೇಕ ಇಲ್ಲಿಗೂ ಸಲ್ಲುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ತಾನು ಒಪ್ಪದೆಯೇ ವಿಂಡೋಸ್ 10 ಸ್ಥಾಪನೆಗೊಂಡು ವ್ಯವಹಾರ ಕೆಟ್ಟಿತೆಂದು ದೂರಿದ ಪ್ರವಾಸ ಏಜೆಂಟರೊಬ್ಬರಿಗೆ 10,000 ಡಾಲರ್ ಪರಿಹಾರ ಸಿಕ್ಕ ಸಂಗತಿ 2016ರಲ್ಲಿ ಸುದ್ದಿಯಾಗಿತ್ತು. ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಿದೆ. ದುರಸ್ತಿಯ ಹಕ್ಕಿಗಾಗಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ತೆರೆದ ಪೋರ್ಟಲ್ ಕೂಡ ಇದೆ. ಆದರೆ ಕೃಷಿ ಯಂತ್ರ, ಮೊಬೈಲ್, ವಾಹನ, ಗೃಹೋಪಯೋಗಿ ವಸ್ತುಗಳಿಗೆ ಕೊಟ್ಟ ಗಮನವನ್ನು ತಂತ್ರಾಂಶದ ನವೀಕರಣಕ್ಕೂ ಕೊಡಬೇಕು.

ಬೇಡಿಕೆಗಳೇನೂ ದುಬಾರಿಯಲ್ಲ. ಸಂಪರ್ಕ ಉಳಿಯುವುದೇ ಎಂಬುದನ್ನು ಪರೀಕ್ಷಿಸಿದ ನಂತರವೇ ನವೀಕರಣ ಆರಂಭವಾಗಲಿ. ಕೆಲಸ ಮಾಡುತ್ತಿದ್ದ ಹಳೆಯ ಡ್ರೈವರ್ ಗಣಕದಲ್ಲೇ ಭದ್ರವಾಗಿರಲಿ. ಸಂಪರ್ಕ ತಪ್ಪಿದರೆ ತಾನಾಗಿಯೇ ಮರಳಲಿ. ಹಿಂದಿರುಗುವ ಅವಧಿ ಮತ್ತೆ ಕನಿಷ್ಠ ಮೂವತ್ತು ದಿನವಾಗಲಿ. ಅಂತರ್ಜಾಲವಿಲ್ಲದೆಯೂ ಓದಬಹುದಾದ ನೆರವಿನ ಪುಟಗಳು ಕನ್ನಡದಲ್ಲಿ ಗಣಕದೊಳಗೇ ಇರಲಿ. ಹಳೆಯ ಸೇತುವೆಯನ್ನು ಕೆಡವುವವರು ಹೊಸದರ ಮೇಲೆ ಜನ ದಾಟಬಲ್ಲರೇ ಎಂದು ಮೊದಲು ನೋಡಬೇಕಾದುದು ಕನಿಷ್ಠ ಕರ್ತವ್ಯ.