ಗೆರೆಯನ್ನು ಬಲ್ಲವರೋ, ಗುಂಡಿಯನ್ನು ಒತ್ತುವವರೋ?

ನಮ್ಮ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಡ್ರಾಯಿಂಗ್ ಬೋರ್ಡಿನ ಸ್ಥಾನವನ್ನು ಕಂಪ್ಯೂಟರು ಆಕ್ರಮಿಸಿ ವರ್ಷಗಳಾದುವು. ಇದಕ್ಕಾಗಿ ಮರುಗುವವರ ಪಂಕ್ತಿಯಲ್ಲಿ ನಾವಿಲ್ಲ. ತಿದ್ದುವುದು ಸುಲಭವಾಯಿತು, ಅಳತೆ ನಿಷ್ಕೃಷ್ಟವಾಯಿತು. ಆದರೆ ವಿದ್ಯಾರ್ಥಿಗಳಲ್ಲಿ ಬಹುಮಂದಿ ಅಲ್ಲಿ ಕಲಿಯುತ್ತಿರುವುದೇನು? ಅನ್ಯರು ಬರೆದ ಪ್ರೋಗ್ರಾಮಿನಲ್ಲಿ ಯಾವ ಕಾರ್ಯಕ್ಕೆ ಯಾವ ಗುಂಡಿ ಎಂಬುದನ್ನು ಮಾತ್ರ. ಗುಂಡಿಯ ಹಿಂದಣ ಗಣಿತವನ್ನರಿಯದವನು ಇಂಜಿನಿಯರನಾಗದೆ ಗುಮಾಸ್ತನಾಗಿಯೇ ಉಳಿದಾನೆಂಬುದು ನಮ್ಮ ಭಯ.

ಈ ವಿದ್ಯೆಯ ಮೂಲವನ್ನು ನೋಡಿರಿ. 1963ನೆಯ ಇಸವಿಯಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಐವನ್ ಸದರ್ಲ್ಯಾಂಡ್ ಎಂಬ ತರುಣನು ತನ್ನ ಡಾಕ್ಟರೇಟ್ ಪ್ರಬಂಧಕ್ಕಾಗಿ 'ಸ್ಕೆಚ್‌ಪ್ಯಾಡ್' ಎಂಬ ಪ್ರೋಗ್ರಾಮನ್ನು ರಚಿಸಿದನು. ಬೆಳಕಿನ ಲೇಖನಿಯಿಂದ ತೆರೆಯ ಮೇಲೆ ಸೊಟ್ಟಗೆರೆಗಳನ್ನೆಳೆದು, ಇವು ಸಮಾನಾಂತರವಾಗಿರಲಿ ಎಂದು ನಿಯಮವಿಟ್ಟರೆ ಯಂತ್ರವೇ ಅವನ್ನು ಸರಿಪಡಿಸುತ್ತಿದ್ದಿತು. ಸಿದ್ಧ ಪ್ರೋಗ್ರಾಮನ್ನು ಮಾರುವ ಅಂಗಡಿ ಅವನಿಗಿರಲಿಲ್ಲ, ತಾನೇ ಬರೆದನು. ಫ್ರಾನ್ಸಿನ ರೆನೋ ಕಂಪೆನಿಯ ಪಿಯೆರ್ ಬೆಜಿಯೆ ಎಂಬಾತನು ಕಾರಿನ ಮೈಯ ಬಾಗುಗಳನ್ನು ಗಣಿತಕ್ಕೆ ಒಳಪಡಿಸಿದುದೂ ಸ್ವಂತ ಕಾರ್ಖಾನೆಯ ಅಗತ್ಯಕ್ಕಾಗಿಯೇ.

ಇದು ಮೇಧಾವಿಗಳ ಕೆಲಸವೆಂದು ಆಕ್ಷೇಪಿಸುವವರುಂಟು. ತೆರೆಯೆಂದರೆ ಒಂದು ಚೌಕುಳಿ ಕಾಗದವೆಂದು ಭಾವಿಸಿರಿ. ಬಲಕ್ಕೆ 7, ಮೇಲಕ್ಕೆ 3 ಮನೆ ದೂರದ ಬಿಂದುವಿಗೆ ಗೆರೆ ಬೇಕು. ಅರ್ಧ ಮನೆಯನ್ನು ತುಂಬುವಂತಿಲ್ಲ. ಪ್ರತಿ ಹೆಜ್ಜೆಗೂ ನಿಜವಾದ ಗೆರೆಗೆ ಹತ್ತಿರದ ಮನೆಯನ್ನೇ ಆರಿಸಬೇಕು. ಎರಡನೆಯ, ನಾಲ್ಕನೆಯ, ಆರನೆಯ ಹೆಜ್ಜೆಗಳಲ್ಲಿ ಒಂದೊಂದು ಮನೆ ಮೇಲೇರಿದರೆ ಗೆರೆ ಸಿದ್ಧ. ಭಾಗಾಕಾರವಿಲ್ಲದೆ, ಪೂರ್ಣಾಂಕಗಳನ್ನು ಕೂಡಿ ಕಳೆದು ಇದನ್ನು ನಿರ್ಣಯಿಸುವ ಕ್ರಮವನ್ನು ಐ.ಬಿ.ಎಂ. ಕಂಪೆನಿಯ ಬ್ರೆಸೆನ್‌ಹ್ಯಾಮನು 1965ರಲ್ಲಿ ಪ್ರಕಟಿಸಿದನು. ಮೆಟ್ರಿಕ್ಯುಲೇಷನ್ನಿನ ಗಣಿತವನ್ನಷ್ಟೇ ಓದಿದ ನಮಗೆ ಅರ್ಥವಾದುದು ಕಾಲೇಜಿನ ತರುಣರಿಗೆ ಅರ್ಥವಾಗದೆ?

ಪ್ರಯೋಜನವೇನೆಂದು ಕೇಳಬಹುದು. ಗೇರಿನ ಹಲ್ಲುಗಳ ಸಂಖ್ಯೆಯನ್ನು ಮಾಡ್ಯೂಲಿನಿಂದ ಗುಣಿಸಿದರೆ ಪಿಚ್ ವೃತ್ತದ ವ್ಯಾಸ ದೊರೆಯುತ್ತದೆ. ಇಂತಹ ಸೂತ್ರಗಳನ್ನು ಒಮ್ಮೆ ಪ್ರೋಗ್ರಾಮಿನಲ್ಲಿ ಬರೆದಿಟ್ಟರೆ, ಅಂಕೆಗಳನ್ನು ಬದಲಿಸಿದಂತೆಲ್ಲ ಹೊಸ ನಕ್ಷೆ ತಾನೇ ಮೂಡುವುದು. ಪೀಣ್ಯದ ಸಣ್ಣ ಕಾರ್ಖಾನೆಯವನಿಗೆ ಇದು ದಿನಗಳ ದುಡಿಮೆಯನ್ನು ಉಳಿಸಬಲ್ಲುದು. ಇಂದು ಅನೇಕ ಪರದೇಶದ ಪ್ರೋಗ್ರಾಮುಗಳು ವರ್ಷದ ಬಾಡಿಗೆಗೆ ಮಾತ್ರ ದೊರೆಯುತ್ತವೆ. ಬಾಡಿಗೆ ತೀರಿದೊಡನೆ ಬಾಗಿಲು ಮುಚ್ಚುತ್ತದೆ. ತನ್ನ ನಕ್ಷೆಯನ್ನು ತಾನೇ ತೆರೆಯಲಾರದವನ ಸ್ವಾತಂತ್ರ್ಯ ಎಂತಹದು?

ಸಾಮರ್ಥ್ಯ ನಮ್ಮಲ್ಲಿಲ್ಲವೆಂಬುದು ಸುಳ್ಳು. ತೇಜಸ್ ವಿಮಾನವನ್ನು ವಿನ್ಯಾಸಗೊಳಿಸಿದ ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯು ಪದರಪದರವಾದ ಸಂಯುಕ್ತ ವಸ್ತುಗಳ ವಿನ್ಯಾಸಕ್ಕೆ 'ಆಟೋಲೇ' ಎಂಬ ಪ್ರೋಗ್ರಾಮನ್ನು ತಾನೇ ನಿರ್ಮಿಸಿಕೊಂಡಿತು. ಅಲ್ಲಿ ಸಾಧ್ಯವಾದುದಕ್ಕೆ ತಳಹದಿಯನ್ನು ಕಾಲೇಜಿನಲ್ಲಿಯೇ ಹಾಕಬೇಕು.

ನಮ್ಮ ಸೂಚನೆ ಇಷ್ಟೆ. ಸಿದ್ಧ ಪ್ರೋಗ್ರಾಮನ್ನು ಕೈಗೆ ಕೊಡುವುದಕ್ಕೆ ಮುನ್ನ ವಿದ್ಯಾರ್ಥಿಯು ಒಂದು ಗೆರೆಯನ್ನೂ ಒಂದು ವೃತ್ತವನ್ನೂ ಎಳೆಯುವ, ಒಂದು ಘನವನ್ನು ತಿರುಗಿಸಿ ತೋರಿಸುವ ಪ್ರೋಗ್ರಾಮನ್ನು ತಾನೇ ಬರೆಯಲಿ. ಅದಕ್ಕೆ ಬೇಕಾದ ಪಾಠಗಳು ಕನ್ನಡದಲ್ಲಿಯೂ ಸಿದ್ಧವಾಗಲಿ. ಆಮೇಲೆ ಯಾವ ಉಪಕರಣವನ್ನಾದರೂ ಹಿಡಿಯಲಿ. ಅವನು ಅದರ ಒಡೆಯನಾಗಿರುವನೇ ಹೊರತು ಆಳಾಗಿರಲಾರನು.