ಐವತ್ತು ಸಾವಿರ ವೋಲ್ಟ್ ಮತ್ತು ಅತ್ತೆಯ ಕೈ

ಕಾರ್ಕಳದ ಮನೆಯಂಗಳದಲ್ಲಿ ಪಾಚಿಗೆ ಜಾರಿ ಬಿದ್ದ ಅತ್ತೆಯನ್ನು ಮೊನ್ನೆ ಎಕ್ಸ್‌ರೇಗೆಂದು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆವು. ಬಾಗಿಲ ಸಂದಿಯಿಂದ ಪರದೆ ಕಂಡ ಪಿಯುಸಿ ಓದುವ ಮಗಳು, "ಅಬ್ಬಾ, 50 ಕಿಲೋವೋಲ್ಟ್! ಐವತ್ತು ಸಾವಿರ!" ಎಂದುಬಿಟ್ಟಳು.

ಅತ್ತೆ ಊದಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. "ಮನೆಯ 230 ವೋಲ್ಟೇ ಜೀವ ತೆಗೀತದೆ. ನಂಗೆ ಬೇಡ ಮಾರಾಯ್ತಿ, ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದ್ರೆ ಸಾಕು."

ಹೆದರಿಸಿದವಳೇ ಸಮಾಧಾನವನ್ನೂ ಹೇಳಬೇಕಾಯಿತು. "ಅಜ್ಜಿ, ಆ ವೋಲ್ಟ್ ನಿಮ್ಮ ಮೈಗಲ್ಲ. ಯಂತ್ರದ ಒಳಗೆ ಗಾಳಿ ತೆಗೆದ ಕೊಳವೆ ಉಂಟು. ಅದರ ಎರಡು ತುದಿಗಳ ನಡುವೆ ಮಾತ್ರ."

"ಅಲ್ಲಿ ಎಂತ ಮಾಡ್ತದೆ?"

"ಕಾಪು ಕಡಲ ತಡಿಯ ಮರದಿಂದ ತೆಂಗಿನಕಾಯಿ ಬಿತ್ತು ಅಂತ ಇಟ್ಕೊಳ್ಳಿ. ಅಷ್ಟೇ ಎತ್ತರದ ಮರ ನಮ್ಮ ಗೊಮ್ಮಟ ಬೆಟ್ಟದ ಮೇಲಿದ್ರೆ?"

"ಪೆಟ್ಟು ಒಂದೇ. ಮರ ಎಷ್ಟು ಎತ್ತರ ಅನ್ನುವುದೇ ಲೆಕ್ಕ, ಬೆಟ್ಟ ಅಲ್ಲ."

"ಹಾಗೇ ಇದೂ. ವೋಲ್ಟ್ ಅಂದ್ರೆ ಎರಡು ತುದಿಗಳ ನಡುವಿನ ವ್ಯತ್ಯಾಸ. ಅಲ್ಲಿ ಬೀಳುವುದು ಎಲೆಕ್ಟ್ರಾನ್."

ಲೆಕ್ಕ ಸರಳ: ಕಣದ ವಿದ್ಯುದಂಶವನ್ನು ವೋಲ್ಟಿನಿಂದ ಗುಣಿಸಿದರೆ ಅದು ಗಳಿಸುವ ಚಲನಶಕ್ತಿ ಸಿಗುತ್ತದೆ. 50 ಸಾವಿರ ವೋಲ್ಟ್ ದಾಟಿದ ಒಂದು ಎಲೆಕ್ಟ್ರಾನ್‌ಗೆ 50 ಸಾವಿರ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ. ಕೇಳಲು ದೊಡ್ಡದು, ಆದರೆ ಒಂದು ಜೂಲಿನ ಲಕ್ಷ ಕೋಟಿಯಲ್ಲಿ ಒಂದು ಪಾಲೂ ಇಲ್ಲ. ಎಲೆಕ್ಟ್ರಾನ್ ಅಷ್ಟು ಹಗುರವಾದ್ದರಿಂದ ವೇಗ ಮಾತ್ರ ಸೆಕೆಂಡಿಗೆ ಸುಮಾರು 1,24,000 ಕಿಲೋಮೀಟರ್, ಬೆಳಕಿನ ವೇಗದ ಶೇ. 41! ಶಾಲೆಯ ಅರ್ಧ ಎಂ ವಿ ವರ್ಗದ ಸೂತ್ರ ಹಾಕಿದರೆ ಶೇ. 44 ಬರುತ್ತದೆ, ಇಷ್ಟು ವೇಗಕ್ಕೆ ಐನ್‌ಸ್ಟೈನರ ಸೂತ್ರವೇ ಬೇಕು.

ಹಾಗೆ ಓಡಿ ಬಂದ ಎಲೆಕ್ಟ್ರಾನ್‌ಗಳು ಟಂಗ್‌ಸ್ಟನ್ ಲೋಹಕ್ಕೆ ಬಡಿದು ಗಕ್ಕನೆ ನಿಲ್ಲುತ್ತವೆ. ಶಕ್ತಿಯ ಶೇ. 99ರಷ್ಟು ಬಿಸಿಯಾಗಿ ಹೋಗುತ್ತದೆ. ಉಳಿದ ಚೂರೇ ಎಕ್ಸ್ ಕಿರಣ. ವೋಲ್ಟ್ ಹೆಚ್ಚಿಸಿದಷ್ಟೂ ಕಿರಣ ಆಳಕ್ಕೆ ತೂರುತ್ತದೆ. ಅದಕ್ಕೇ ಕೈಗೆ ಕಡಿಮೆ, ಸೊಂಟಕ್ಕೆ ಹೆಚ್ಚು.

"ಹಾಗಾದ್ರೆ ಬೀಳುವುದು ಅದು, ಪೆಟ್ಟು ತಿನ್ನುವುದು ಲೋಹ. ನಂಗೆ ಬರುವುದು ಬೆಳಕಿನ ಹಾಗಿದ್ದದ್ದು," ಎಂದರು ಅತ್ತೆ, ಕೈ ಹೊರಗೆ ತೆಗೆಯುತ್ತಾ.

ಶಾಕ್ ಹೊಡೆಯುವುದಿಲ್ಲವೆಂದು ಬೇಕಾಬಿಟ್ಟಿ ತೆಗೆಸುವಂಥದ್ದೂ ಅಲ್ಲ ಎಕ್ಸ್‌ರೇ. ವೈದ್ಯರು ಹೇಳಿದಾಗ ಮಾತ್ರ. ಗರ್ಭಿಣಿಯರು ಮೊದಲೇ ತಿಳಿಸಬೇಕು.

ಮಣಿಕಟ್ಟಿನಲ್ಲಿ ಸಣ್ಣ ಬಿರುಕು ಕಂಡಿತು. ಎಣ್ಣೆ ಹಚ್ಚಿ ಸುಮ್ಮನಿದ್ದಿದ್ದರೆ ಮೂಳೆ ಸೊಟ್ಟಗೇ ಕೂಡುತ್ತಿತ್ತೋ ಏನೋ. ಈಗ ಪ್ಲಾಸ್ಟರ್ ಹಾಕಿದ ಕೈ ಎತ್ತಿ, ನೋಡಲು ಬಂದವರಿಗೆಲ್ಲ ಅತ್ತೆ ತೆಂಗಿನಕಾಯಿ ಪಾಠ ಮಾಡುತ್ತಿದ್ದಾರೆ.