ಹಿರಿಯನು ಎದ್ದುಹೋದ ಬಳಿಕ

ಗಂಡಸರ ಬಾಳನ್ನು ತಿದ್ದಿ ಬೆಳೆಸುವೆವೆಂದು ಸಾರುವ ಕೂಟಗಳಿಗೆ ನಿಜವಾದ ಪರೀಕ್ಷೆ ಒಂದೇ. ಅದು ದೀಕ್ಷಾವಿಧಿಯ ಗಾಂಭೀರ್ಯದಲ್ಲಿಲ್ಲ. ಕಾಡಿನ ನಡುವೆ ಬೆಂಕಿಯ ಸುತ್ತ ಕುಳಿತು ಸುರಿಸಿದ ಕಣ್ಣೀರಿನಲ್ಲಿಯೂ ಇಲ್ಲ. ಕೂಟವನ್ನು ಕಟ್ಟಿದ ಹಿರಿಯನು ಎದ್ದುಹೋದ ದಿನ ಉಳಿದವರು ಹೇಗೆ ನಡೆದುಕೊಳ್ಳುವರೆಂಬುದೇ ಆ ಪರೀಕ್ಷೆ. ಆ ದಿನ ಅವರು ತಬ್ಬಲಿಗಳಂತೆ ಗೋಳಿಟ್ಟರೆ, ಅಲ್ಲಿ ಬೆಳೆದದ್ದು ಪೌರುಷವಲ್ಲ, ಪರಾಧೀನತೆ.

ಈ ಬಗೆಯ ಏಕಾಂತ ಶಿಬಿರಗಳು ಅಮೆರಿಕದಲ್ಲಿ ವಿಶೇಷವಾಗಿ ಹಬ್ಬಿದವು. ಕವಿ ರಾಬರ್ಟ್ ಬ್ಲೈ 1984ರಲ್ಲಿ ಮಿನೆಸೋಟಾ ಪ್ರಾಂತದಲ್ಲಿ ಗಂಡಸರ ಸಮಾವೇಶವನ್ನು ಆರಂಭಿಸಿದನು. ಮರುವರ್ಷವೇ ನೆರೆಯ ವಿಸ್ಕಾನ್ಸಿನ್‌ನಲ್ಲಿ ಮೂವರು ಗೆಳೆಯರು ವಾರಾಂತ್ಯದ ದೀಕ್ಷಾಶಿಬಿರವೊಂದನ್ನು ನಡೆಸಿದರು; ಮುಂದೆ ಅದೇ ‘ಮ್ಯಾನ್‌ಕೈಂಡ್ ಪ್ರಾಜೆಕ್ಟ್’ ಎಂಬ ಸಂಸ್ಥೆಯಾಗಿ ಹಲವು ದೇಶಗಳಿಗೆ ಹರಡಿತು. 1990ರಲ್ಲಿ ಬ್ಲೈಯ ‘ಐರನ್ ಜಾನ್’ ಪ್ರಕಟವಾಗಿ, ಒಂದು ವರ್ಷಕ್ಕೂ ಮಿಗಿಲಾಗಿ ಅಲ್ಲಿಯ ಜನಪ್ರಿಯ ಗ್ರಂಥಗಳ ಪಟ್ಟಿಯಲ್ಲಿ ನಿಂತಿತು. ಅವನ ವಾದವು ಅಲ್ಲಗಳೆಯತಕ್ಕದ್ದಲ್ಲ. ಯಂತ್ರಯುಗವು ತಂದೆಯನ್ನು ಮನೆಯಿಂದ ಕಾರ್ಖಾನೆಗೂ ಕಚೇರಿಗೂ ಎಳೆದೊಯ್ದಿತು. ತಂದೆಯ ಕೈಕೆಲಸವನ್ನು ಮಗನು ಕಾಣದಾದನು. ಎಳೆಯರನ್ನು ಕೈಹಿಡಿದು ನಡೆಸುವ ಹಿರಿಯರೇ ಇಲ್ಲವಾದರು ಎಂಬುದು ಅದರ ಸಾರ. ರೋಗದ ನಿದಾನವೇನೋ ಸರಿಯೇ. ಚಿಕಿತ್ಸೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತಂದೆಯಿಲ್ಲದೆ ನೊಂದವನಿಗೆ ಹೊಸ ತಂದೆಯೊಬ್ಬನನ್ನು ಕೊಟ್ಟು, ಅವನ ಕಾಲ ಬುಡದಲ್ಲಿಯೇ ಬಹುಕಾಲ ಕೂಡಿಸಿಟ್ಟರೆ, ರೋಗಿಗೆ ಊರುಗೋಲು ದೊರೆತೀತೇ ಹೊರತು ಕಾಲು ಬಂದಂತಾಗದು.

ಇದಕ್ಕೆ ಕೂಟಗಳ ಅಭಿಮಾನಿಗಳು ಎತ್ತುವ ಮೊದಲ ಆಕ್ಷೇಪವಿದು: “ಎಲ್ಲವೂ ಆ ಒಬ್ಬ ಮಹನೀಯನ ಪ್ರಭಾವದಿಂದ ನಡೆದದ್ದು, ಅವನು ಸರಿದರೆ ಉಳಿಯುವುದು ಬರಿಯ ಚಿಪ್ಪು.” ಈ ಮಾತನ್ನು ಆಡುವವರು ತಮ್ಮ ಹಿರಿಯನನ್ನು ಹೊಗಳುತ್ತಿರುವೆವೆಂದು ತಿಳಿದಿದ್ದಾರೆ, ವಸ್ತುತಃ ಅವನ ಮೇಲೆ ದೋಷಾರೋಪಣೆ ಮಾಡುತ್ತಿದ್ದಾರೆ. ಇಪ್ಪತ್ತು ವರ್ಷ ಪಾಠ ಹೇಳಿದ ಉಪಾಧ್ಯಾಯನ ಬಳಿ ಓದಲು ಬರುವವನೊಬ್ಬನೂ ಸಿದ್ಧನಾಗಲಿಲ್ಲವೆಂದರೆ ಅದು ಯಾರ ಕೀರ್ತಿ?

ಬ್ಲೈ ಆಧಾರವಾಗಿ ಹಿಡಿದ ಕಥೆಯೇ ಈ ಆಕ್ಷೇಪಕ್ಕೆ ಉತ್ತರ ಕೊಡುತ್ತದೆ. ಅದು ಗ್ರಿಮ್ ಸಹೋದರರು ಸಂಗ್ರಹಿಸಿದ ಜರ್ಮನ್ ಕಥೆ. ಅರಮನೆಯ ಪಂಜರದಲ್ಲಿದ್ದ ಕಾಡುಮನುಷ್ಯನನ್ನು ರಾಜಕುಮಾರನು ಬಿಡಿಸುತ್ತಾನೆ. ತಾಯಿಯ ದಿಂಬಿನಡಿಯಲ್ಲಿದ್ದ ಬೀಗದ ಕೈಯನ್ನು ಅದಕ್ಕಾಗಿ ಕದಿಯುತ್ತಾನೆ. ಕಾಡುಮನುಷ್ಯನು ಬಾಲಕನನ್ನು ಅಡವಿಗೆ ಕೊಂಡೊಯ್ದು ಚಿನ್ನದ ಬುಗ್ಗೆಯ ಕಾವಲಿಗೆ ಇಡುತ್ತಾನೆ. ಬಾಲಕನು ಮೂರು ಸಾರಿ ತಪ್ಪುತ್ತಾನೆ. ಆಗ ಹಿರಿಯನು ಅವನನ್ನು ತನ್ನ ಬಳಿಯೇ ಇಟ್ಟುಕೊಂಡು ಇನ್ನೊಂದು ಶಿಬಿರ ನಡೆಸುವುದಿಲ್ಲ, ಲೋಕಕ್ಕೆ ಕಳುಹಿಸಿಬಿಡುತ್ತಾನೆ. ಹುಡುಗನು ಅಡುಗೆಮನೆಯಲ್ಲಿ ದುಡಿದು, ತೋಟದಲ್ಲಿ ಮಣ್ಣು ಅಗೆದು, ಯುದ್ಧದಲ್ಲಿ ನಿಂತು ಗೆದ್ದ ಮೇಲೆ, ಅವನ ಮದುವೆಯ ದಿನ ಕಾಡುಮನುಷ್ಯನೇ ಶಾಪವಿಮುಕ್ತನಾದ ರಾಜನಾಗಿ ಬಂದು ನಿಲ್ಲುತ್ತಾನೆ. ಶಿಷ್ಯನನ್ನು ಕಳುಹಿಸಿದ್ದರಿಂದಲೇ ಗುರುವಿಗೂ ಬಿಡುಗಡೆಯಾಯಿತು! ಬ್ಲೈ ಮುಪ್ಪಿನಲ್ಲಿ ಹಿಂದೆ ಸರಿದ ಮೇಲೂ ಅವನ ಸಮಾವೇಶವು ಇತರರ ಕೈಯಲ್ಲಿ ನಡೆಯಿತು; 2021ರಲ್ಲಿ, 94ನೆಯ ವಯಸ್ಸಿನಲ್ಲಿ ಅವನು ತೀರಿಕೊಂಡನು. ಅವನಿಗೆ ಸಲ್ಲತಕ್ಕ ಗೌರವದಲ್ಲಿ ಇದೂ ಸೇರಬೇಕು.

ಎರಡನೆಯ ಆಕ್ಷೇಪ: “ಉತ್ತರಾಧಿಕಾರಿಯನ್ನು ಸ್ಥಾಪಕನೇ ನೇಮಿಸಲಿ, ಅವನಿಗಿಂತ ಬಲ್ಲವರಾರು?” ಇದಕ್ಕೆ ನ್ಯೂಯಾರ್ಕ್ ಪ್ರಾಂತದ ಒನೈಡಾ ಸಮುದಾಯದ ಚರಿತ್ರೆಯನ್ನು ನೋಡಬಹುದು. 1848ರಲ್ಲಿ ಜಾನ್ ಹಂಫ್ರಿ ನೋಯಿಸ್ ಕಟ್ಟಿದ ಈ ಸಮುದಾಯದಲ್ಲಿ ಸ್ತ್ರೀಪುರುಷರಿಬ್ಬರೂ ಇದ್ದರು. ಒಬ್ಬರ ಗುಣದೋಷಗಳನ್ನು ಉಳಿದವರು ಎದುರಿಗೇ ವಿಮರ್ಶಿಸುವುದು ಅಲ್ಲಿಯ ಆತ್ಮಸಂಸ್ಕಾರದ ಕ್ರಮವಾಗಿತ್ತು. ಮುಪ್ಪಡರಿದ ನೋಯಿಸ್ ತನ್ನ ಮಗ ಥಿಯೊಡೋರನಿಗೆ ನಾಯಕತ್ವವನ್ನು ಒಪ್ಪಿಸಲೆಳಸಿದನು. ಮಗನು ವೈದ್ಯ, ತಂದೆಯ ಧರ್ಮಶ್ರದ್ಧೆ ಅವನಲ್ಲಿರಲಿಲ್ಲ. ಸಮುದಾಯ ಒಡೆಯಿತು. ಅಲ್ಲಿಯ ವಿವಾಹಪದ್ಧತಿಯನ್ನು ಕುರಿತು ಹೊರಗಿನ ಪಾದ್ರಿಗಳೂ ವಿರೋಧವೆಬ್ಬಿಸಿದ್ದರು. 1879ರ ಜೂನ್‌ನಲ್ಲಿ ನೋಯಿಸ್ ಇರುಳಿನಲ್ಲಿ ಹೊರಟು ಕೆನಡಾ ಸೇರಿದನು. 1881ರಲ್ಲಿ ಸಮುದಾಯವು ಕೂಡುಬಂಡವಾಳದ ಕಂಪೆನಿಯಾಗಿ ಮಾರ್ಪಟ್ಟಿತು. ಪರಿಪೂರ್ಣ ಮಾನವನನ್ನು ರೂಪಿಸಹೊರಟ ಸಂಸ್ಥೆಯ ಹೆಸರು ಕಡೆಗೆ ಚಮಚ ಮುಳ್ಳುಚಮಚಗಳ ಮೇಲೆ ಉಳಿಯಿತು.

ಇದಕ್ಕೆ ಪ್ರತಿಯಾದ ನಿದರ್ಶನಕ್ಕಾಗಿ ದೂರ ಹೋಗಬೇಕಾದದ್ದಿಲ್ಲ. 1886ರಲ್ಲಿ ಶ್ರೀರಾಮಕೃಷ್ಣರು ದೇಹಬಿಟ್ಟಾಗ ಬರಾನಗರದ ಹಳೆಯ ಮನೆಯೊಂದರಲ್ಲಿ ಸೇರಿದ ತರುಣರಿಗೆ ಹಣವಿರಲಿಲ್ಲ, ಕಟ್ಟಳೆಯಿರಲಿಲ್ಲ. ಅವರಲ್ಲಿ ಅಗ್ರಗಣ್ಯರಾದ ವಿವೇಕಾನಂದರು ಲೋಕವಿಖ್ಯಾತರಾದ ಮೇಲೆ ಪೀಠವನ್ನು ಅಪ್ಪಿಕೊಂಡು ಕುಳ್ಳಿರಲಿಲ್ಲ. 1901ರ ಜನವರಿಯಲ್ಲಿ ಬೇಲೂರು ಮಠದ ಆಸ್ತಿಯನ್ನು ಗುರುಭಾಯಿಗಳ ವಿಶ್ವಸ್ತ ಮಂಡಲಿಗೆ ಬರೆದುಕೊಟ್ಟರು. ಅದರಲ್ಲಿ ತಮ್ಮ ಹೆಸರನ್ನೇ ಸೇರಿಸಲಿಲ್ಲ. ಬ್ರಹ್ಮಾನಂದರು ಅಧ್ಯಕ್ಷರಾಗಿ ಚುನಾಯಿತರಾದರು. 1902ರ ಜುಲೈ 4ರಂದು, ನಲವತ್ತು ತುಂಬುವ ಮೊದಲೇ, ವಿವೇಕಾನಂದರು ತೀರಿಕೊಂಡಾಗ ಸಂಘವು ದುಃಖಿಸಿತು, ಆದರೆ ಕುಸಿಯಲಿಲ್ಲ. ಬ್ರಹ್ಮಾನಂದರು 1922ರವರೆಗೆ ಅದನ್ನು ನಡೆಸಿದರು. 1909ರಲ್ಲಿ ಬೆಂಗಳೂರಿಗೆ ಬಂದು ಅಲ್ಲಿಯ ಆಶ್ರಮದ ಕಟ್ಟಡವನ್ನು ತೆರೆದವರೂ ಅವರೇ. ಸ್ಥಾಪಕನು ತಾನಿರುವಾಗಲೇ ಅಧಿಕಾರವನ್ನು ಕೈಬಿಟ್ಟನೆಂಬುದು ಆ ಸಂಘದ ಬಾಳಿಕೆಗೆ ಒಂದು ಮುಖ್ಯ ಕಾರಣ.

ಕಡೆಯ ಆಕ್ಷೇಪ: “ಆತ್ಮಸಂಸ್ಕಾರದ ಸ್ಥಳಕ್ಕೆ ಮತದಾನ, ಲೆಕ್ಕಪತ್ರ, ನಿಬಂಧನೆಗಳೇಕೆ?” ಬ್ಯಾಂಕು ನಮ್ಮ ಹಣವನ್ನಷ್ಟೇ ಇಟ್ಟುಕೊಳ್ಳುತ್ತದೆ, ಅದಕ್ಕೆ ಲೆಕ್ಕಪರಿಶೋಧಕರು ಬೇಕು. ಶಿಬಿರವೋ, ಮನುಷ್ಯನು ಹೆಂಡತಿಗೂ ಹೇಳದ ಗುಟ್ಟನ್ನು ಇಟ್ಟುಕೊಳ್ಳುತ್ತದೆ. ಅದಕ್ಕೆ ಮಾತ್ರ ಯಾರ ಮೇಲ್ವಿಚಾರಣೆಯೂ ಬೇಡವೆ? ಸದಸ್ಯನ ಗುಟ್ಟನ್ನು ಕಾಪಾಡುವುದು ಧರ್ಮ; ಆ ನೆಪದಲ್ಲಿ ನಾಯಕನ ನಡತೆಯನ್ನೂ ಮುಚ್ಚಿಡುವುದು ಮೋಸ. ಆದುದರಿಂದ ನಾಯಕನ ಅವಧಿ ಗೊತ್ತುಪಾಡಾಗಿರಬೇಕು. ಶುಲ್ಕದ ಲೆಕ್ಕ ಸದಸ್ಯರ ಮುಂದಿರಬೇಕು. ನಾಯಕನ ಮೇಲಿನ ದೂರನ್ನು ಅವನ ಹಿಡಿತಕ್ಕೆ ಸಿಕ್ಕದವರು ವಿಚಾರಿಸಬೇಕು. ಬೇಡವೆಂದು ಎದ್ದು ಬರುವವನನ್ನು ಹೇಡಿಯೆಂದು ಹೀಯಾಳಿಸಕೂಡದು.

ಇದು ಶಿಬಿರದವರ ಒಳಮನೆಯ ಜಗಳವೆಂದು ಗೃಹಸ್ಥರು ಸುಮ್ಮನಿರುವಂತಿಲ್ಲ. ಅಲ್ಲಿಗೆ ಹೋದವನು ಹಿಂದಿರುಗುವುದು ಮನೆಗೇ. ಅಲ್ಲಿ ಅವನು ಕಲಿತದ್ದು ಸ್ವಾತಂತ್ರ್ಯವಾದರೆ ಮಡದಿ ಮಕ್ಕಳಿಗೂ ಅದರ ನೆರಳುಂಟು. ಕಲಿತದ್ದು ಇನ್ನೊಬ್ಬನ ಆರಾಧನೆಯಾದರೆ, ಪೀಠ ಅಲುಗಿದ ದಿನ ಮನೆಯೂ ಅಲುಗುತ್ತದೆ. ತಾನಿಲ್ಲದೆಯೂ ನಡೆಯುವಂತೆ ಮಾಡಿ ಹೋಗುವವನೇ ಹಿರಿಯನು. ಉಳಿದವರು ಎಷ್ಟೇ ನರೆತಿರಲಿ, ಇನ್ನೂ ದೀಕ್ಷೆಗೆ ಕಾದಿರುವ ಹುಡುಗರು.